ಪೆನ್ನು ಅವಳ ಕೈಯಲ್ಲೇ ಇರಲಿ

ಕೋಣಂದೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಅರ್ಧ ಮಾತಾಡುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಆಮೇಲೆ ಕರೆಂಟೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಹತ್ತಿರ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸುತ್ತೇನೆ. ಅದೇ ಚೀಲದಲ್ಲಿ ಈ ಪತ್ರವೂ ಇರುತ್ತದೆ. ಇಲ್ಲಿ ಮಳೆ ಬಿಟ್ಟೇ ಇಲ್ಲ. ಒಂದು ದಿನ ಹೊಳವಾದರೆ ತೋಟಕ್ಕೆ ಕೊಳೆ ಔಷಧಿ ಹೊಡೆಸಬೇಕು ಅಂತ ಅಪ್ಪ ಕಾಯುತ್ತಿದ್ದಾರೆ. ಅಲ್ಲಿ ತುಂಗೆಯ ಮಂಟಪ ಮುಳುಗಿತಾ ಅಂತ ಅಜ್ಜಿ ಕೇಳಿದ್ದಾರೆ, ಮರೀದೆ ಹೇಳು.

ಈಗ ನಿನ್ನ ದೂರಿಗೆ ಬರುತ್ತೇನೆ. ಹಾಸ್ಟೆಲ್ ರೂಮಿನವಳು ದಿನಾ ರಾತ್ರಿ ಗಣಿತದ ಡೌಟ್ ಹಿಡಿದುಕೊಂಡು ಬರುತ್ತಾಳೆ. ನಿನ್ನ ಓದು ಹಾಳಾಗುತ್ತದೆ. ಸಿಇಟಿಯಲ್ಲಿ ಅವಳೂ ನಿನ್ನ ಎದುರಾಳಿಯೇ ಅಲ್ವಾ, ಯಾಕೆ ಹೇಳಿಕೊಡಬೇಕು ಅಂತ ಕೇಳಿದೆ.

ಎದುರಾಳಿಯ ಮಾತು ಮೊದಲು ಮುಗಿಸಿಬಿಡೋಣ. ರಾಜ್ಯದಲ್ಲಿ ಲಕ್ಷಗಟ್ಟಲೆ ಮಕ್ಕಳು ಸಿಇಟಿ ಬರೆಯುತ್ತಾರೆ. ಪಕ್ಕದ ಮಂಚದವಳು ನಾಲ್ಕು ಲೆಕ್ಕ ಜಾಸ್ತಿ ಕಲಿತರೆ ನಿನ್ನ ರ‍್ಯಾಂಕ್ ಎಷ್ಟು ಕೆಳಗಿಳಿಯುತ್ತೆ? ಹೆಚ್ಚೆಂದರೆ ಒಂದು. ಅದೂ ಅವಳು ನಿನ್ನನ್ನು ದಾಟಿದರೆ ಮಾತ್ರ. ಇಷ್ಟು ಗಣಿತ ಓದಿದವಳಿಗೆ ಈ ಲೆಕ್ಕ ಬರಬೇಕಿತ್ತು.

ಸಮಯದ ಮಾತು ಬೇರೆ. ಅದರಲ್ಲಿ ನ್ಯಾಯ ಇದೆ. ಆದರೆ ಸಮಯ ಹೋಗುತ್ತಿರುವುದು ಅವಳು ಕೇಳುತ್ತಾಳೆ ಅಂತಲ್ಲ, ನೀನು ಹೇಳಿಕೊಡುವ ರೀತಿಯಿಂದ. ಅವಳ ನೋಟ್‌ಬುಕ್ ಕಿತ್ತುಕೊಂಡು, ಸರಸರ ಬರೆದು, ವಾಪಸ್ ಎಸೆಯುತ್ತೀಯ. ಅವಳು ಅದನ್ನು ಕಾಪಿ ಮಾಡುತ್ತಾಳೆ. ಮರುದಿನ ಅದೇ ತರದ ಇನ್ನೊಂದು ಲೆಕ್ಕ ಹಿಡಿದು ಬರದೆ ಇನ್ನೇನು ಮಾಡುತ್ತಾಳೆ?

ನೀನೇ ಹೇಳಿದ ಆ ಇಂಟಿಗ್ರೇಶನ್ ಲೆಕ್ಕ ನೋಡು. ಸೊನ್ನೆಯಿಂದ ಪೈ ಬೈ ಟೂ ವರೆಗೆ. ಮೇಲೆ ರೂಟ್ ಸೈನ್ ಎಕ್ಸ್, ಕೆಳಗೆ ರೂಟ್ ಸೈನ್ ಎಕ್ಸ್ ಪ್ಲಸ್ ರೂಟ್ ಕಾಸ್ ಎಕ್ಸ್. ನೀನು ಅದಕ್ಕೆ ಐ ಅಂತ ಹೆಸರಿಟ್ಟು, ಎಕ್ಸ್ ಜಾಗಕ್ಕೆ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿದೆ. ಸೈನ್ ಇದ್ದಲ್ಲಿ ಕಾಸ್ ಬಂತು, ಕಾಸ್ ಇದ್ದಲ್ಲಿ ಸೈನ್. ಎರಡನ್ನೂ ಕೂಡಿಸಿದೆ. ಮೇಲೂ ಕೆಳಗೂ ಒಂದೇ ಆಗಿ ಹೊಡೆದುಹೋಯಿತು, ಒಳಗೆ ಬರೀ 1 ಉಳಿಯಿತು. ಟೂ ಐ ಅಂದರೆ ಪೈ ಬೈ ಟೂ. ಉತ್ತರ ಪೈ ಬೈ ಫೋರ್. ನಾಲ್ಕು ಸಾಲಲ್ಲಿ ಮುಗೀತು.

ಆಗ ಅವಳು ಕೇಳಿದಳಂತೆ, "ಎಕ್ಸ್ ಬದಲಾಯಿಸಿದ ಮೇಲೂ ಅದನ್ನ ಐ ಅಂತಲೇ ಯಾಕೆ ಕರೀತೀಯ? ಅದು ಬೇರೆ ಆಗಲಿಲ್ವಾ?" ನೀನು, "ಅದು ಪ್ರಾಪರ್ಟಿ, ಸುಮ್ನೆ ಬರ್ಕೊ" ಅಂದೆ. ನನ್ನ ಹತ್ತಿರ ಅದನ್ನು ಪೆದ್ದು ಪ್ರಶ್ನೆ ಅಂತ ನಕ್ಕೆ.

ಪುಟ್ಟಿ, ಆ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಒಂದು ಹಾಳೆ ತಗೊಂಡು ಆ ಲೆಕ್ಕದ ಗ್ರಾಫಿನ ಗೆರೆಯನ್ನು ಎಳೆದು ನೋಡು. ಸೊನ್ನೆಯಲ್ಲಿ ಅದರ ಎತ್ತರ 0. ಪೈ ಬೈ ಟೂನಲ್ಲಿ 1. ಸರಿ ಮಧ್ಯದಲ್ಲಿ ಅರ್ಧ. ಎಡ ತುದಿಯಿಂದ ಅಳೆದರೆ ಒಂದು ಬಿಂದು ಎಕ್ಸ್ ದೂರದಲ್ಲಿದೆ. ಅದೇ ಬಿಂದುವನ್ನು ಬಲ ತುದಿಯಿಂದ ಅಳೆದರೆ ಪೈ ಬೈ ಟೂ ಮೈನಸ್ ಎಕ್ಸ್. ಅಳೆಯುವ ತುದಿ ಬದಲಾಯಿತು, ಗೆರೆಯ ಕೆಳಗಿನ ಜಾಗ, ಅಂದರೆ ಐ, ಬದಲಾಗಲಿಲ್ಲ. ಅದಕ್ಕೇ ಎರಡೂ ಐ. ಇನ್ನೂ ಒಂದಿದೆ. ಆ ಗೆರೆಯನ್ನೂ, ಎಡಬಲ ತಿರುಗಿಸಿದ ಗೆರೆಯನ್ನೂ ಕೂಡಿಸಿದರೆ ಎಲ್ಲಿ ನೋಡಿದರೂ ಎತ್ತರ 1. ಅಂದರೆ ಪೈ ಬೈ ಟೂ ಅಗಲ, 1 ಎತ್ತರದ ಒಂದು ಆಯತ. ನಿನ್ನ ಉತ್ತರ ಅದರ ಅರ್ಧ. ಇದನ್ನು ಒಂದು ಸಲ ಕಣ್ಣಲ್ಲಿ ನೋಡಿದರೆ ರೂಟ್ ಬದಲು ಸೈನ್‌ಗೂ ಕಾಸ್‌ಗೂ ಐದನೇ ಘಾತ ಕೊಟ್ಟರೂ ಪೆನ್ನು ಮುಟ್ಟದೆ ಉತ್ತರ ಹೇಳಬಹುದು. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದಕ್ಕೆ 80 ಸೆಕೆಂಡ್. ಅವಳ ಪೆದ್ದು ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಲಾಭ ನಿನಗೇ ಇತ್ತು.

ನಾನು ಜಗಲಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತೇನಲ್ಲ, ಅಲ್ಲೂ ಹಾಗೇ. ಯಾಕೆ ಅಂತ ಕೇಳುವ ಒಬ್ಬ ಹುಡುಗ ಇದ್ದರೆ ಆ ದಿನ ನನಗೂ ಪಾಠ ಸರಿಯಾಗಿ ಬರುತ್ತದೆ.

ಹಾಗಾಗಿ ಇನ್ನು ಮೇಲೆ ಪೆನ್ನು ಅವಳ ಕೈಯಲ್ಲೇ ಇರಲಿ. ನೀನು ಮುಟ್ಟಬೇಡ. "ಎಲ್ಲಿವರೆಗೆ ಬಂತು?" ಅಂತ ಮೊದಲು ಕೇಳು. ಖಾಲಿ ಹಾಳೆ ತಂದರೆ ವಾಪಸ್ ಕಳಿಸು, ಅದರಲ್ಲಿ ನಾಚಿಕೆ ಏನಿಲ್ಲ. ಎರಡು ಸಾಲು ತಪ್ಪೇ ಬರೆದಿರಲಿ, ಆ ತಪ್ಪು ಎಲ್ಲಿದೆ ಅಂತ ಹುಡುಕೋದೇ ಅರ್ಧ ಕೆಲಸ. ಒಂದು ಸುಳಿವು ಕೊಟ್ಟು ಬಾಯಿ ಮುಚ್ಚಿಕೊಂಡು ಕೂರು. ನಿನಗೆ ಅದೇ ಕಷ್ಟ ಅಂತ ನನಗೆ ಗೊತ್ತು. ಊಟ ಆದಮೇಲೆ ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ. ಆಮೇಲೆ ಬಂದರೆ ನಾಳೆ ಅನ್ನು.

ಇನ್ನೊಂದು ಮಾತು. ಇಷ್ಟು ದಿನದಲ್ಲಿ ನೀನು ಅವಳನ್ನು ಏನು ಕೇಳಿದ್ದೀಯ? ಏನೂ ಇಲ್ಲ. ನಮ್ಮಲ್ಲಿ ನೆಟ್ಟಿಗೆ ಮುಯ್ಯಾಳು ಬರುತ್ತಾರಲ್ಲ, ಅವರ ಗದ್ದೆಗೆ ನಾವು ಹೋಗದಿದ್ದರೆ ಮುಂದಿನ ವರ್ಷ ಯಾರೂ ಬರಲ್ಲ. ಬರೀ ಕೊಡುವವಳಾಗಿ ಕೂತರೆ ನಿನಗೆ ಜಂಬ, ಅವಳಿಗೆ ಸಂಕೋಚ. ನಿನಗೆ ಸಾಧ್ಯತೆ ಲೆಕ್ಕದ ಬೇಯ್ಸ್ ಥಿಯರಂ ತಲೆಗೆ ಹತ್ತಲ್ಲ, ಅವಳು ಅದನ್ನು 100 ಅಂತ ಇಟ್ಟುಕೊಂಡು ಬೆರಳಲ್ಲಿ ಎಣಿಸಿದಂತೆ ಮಾಡುತ್ತಾಳೆ ಅಂತ ನೀನೇ ಹೇಳಿದೆ. ಸರಿಯಾದ ದಾರಿ ಅದು. ಎರಡು ತೋಟದ ಅಡಿಕೆ ಒಂದೇ ರಾಶಿಯಲ್ಲಿದೆ ಅಂತಿಟ್ಟುಕೊ. 60 ಕಾಯಿ ಮೇಲಿನ ತೋಟದ್ದು, ಹತ್ತಕ್ಕೆ ಒಂದು ಕೊಳೆ. 40 ಕೆಳಗಿನ ತೋಟದ್ದು, ಐದಕ್ಕೆ ಒಂದು ಕೊಳೆ. ಕೈಗೆ ಕೊಳೆತ ಕಾಯಿ ಸಿಕ್ಕಿತು. ಅದು ಕೆಳಗಿನ ತೋಟದ್ದಾಗಿರುವ ಸಾಧ್ಯತೆ ಎಷ್ಟು? ಅಲ್ಲಿ 6, ಇಲ್ಲಿ 8, ಒಟ್ಟು 14 ಕೊಳೆತವು. 14ರಲ್ಲಿ 8, ಅಂದರೆ ಏಳರಲ್ಲಿ ನಾಲ್ಕು. ಸೂತ್ರ ಹೇಳುವುದೂ ಇದನ್ನೇ. ಹೋಗಿ ಅವಳ ಹತ್ತಿರ ಕೂತು ಕಲಿ.

ಗಣಿತ ಒಬ್ಬರೇ ಕೂತು ಮಾಡುವ ವಿದ್ಯೆ, ರಾಮಾನುಜನ್ ಹಾಗೇ ಮಾಡಿದ್ದು ಅಂತ ವಾದ ಮಾಡಿದೆ. ರಾಮಾನುಜನ್ ಬಹಳ ಕಾಲ ಒಬ್ಬರೇ ಕೂತು ಮಾಡಿದ್ದು ನಿಜ. ಆದರೆ 1913ರ ಜನವರಿಯಲ್ಲಿ ಅವರೇ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಕಾಗದ ಬರೆದರು. ಹಾರ್ಡಿ ಅದನ್ನು ತಮ್ಮ ಜೊತೆಯ ಗಣಿತಜ್ಞ ಲಿಟಲ್‌ವುಡ್‌ಗೆ ತೋರಿಸಿ, ಇಬ್ಬರೂ ಕೂತು ಓದಿದರು. ಮುಂದೆ ರಾಮಾನುಜನ್, ಹಾರ್ಡಿ ಒಟ್ಟಿಗೆ ಮಾಡಿದ ಒಂದು ಕೆಲಸ 1918ರಲ್ಲಿ ಪ್ರಕಟವಾಯಿತು. ಒಂದು ಸಂಖ್ಯೆಯನ್ನು ಎಷ್ಟು ರೀತಿ ಒಡೆದು ಕೂಡಿಸಬಹುದು ಅನ್ನುವ ಲೆಕ್ಕ ಅದು. 4ಕ್ಕೆ ಐದು ರೀತಿ, ಬೇಕಾದರೆ ಮಾಡಿ ನೋಡು. 200ಕ್ಕೆ ಬಂದರೆ ಉತ್ತರ 13 ಅಂಕಿಯ ಸಂಖ್ಯೆ! ಅವರ ಸೂತ್ರ ಸರಿಯಾ ಅಂತ ನೋಡಲು 200ರ ತನಕ ಕೈಯಲ್ಲೇ ಲೆಕ್ಕ ಹಾಕಿಕೊಟ್ಟವರು ಮ್ಯಾಕ್‌ಮಹೋನ್ ಅಂತ ಇನ್ನೊಬ್ಬರು. ಅವರ ಹೆಸರು ನಿಮ್ಮ ಗೋಡೆಯ ಪೋಸ್ಟರಿನಲ್ಲಿ ಇರಲ್ಲ ಬಿಡು.

ಅವಳು ಕನ್ನಡ ಮೀಡಿಯಂನಿಂದ ಬಂದವಳು ಅಂದೆ. ಕ್ಲಾಸಿನಲ್ಲಿ ಕೈಯೆತ್ತಿ ಕೇಳಲು ಹೆದರಿಕೆ ಇರುತ್ತದೆ. ನಿನ್ನ ಹತ್ತಿರ ಕೇಳುತ್ತಾಳೆ ಅಂದರೆ ನೀನು ನಗಲ್ಲ ಅಂತ ನಂಬಿದ್ದಾಳೆ. ನನ್ನ ಹತ್ತಿರ ನಕ್ಕಂತೆ ಅವಳೆದುರು ನಗಬೇಡ.

ಕೊನೆಗೆ ಇಬ್ಬರಿಗೂ ಸೇರಿ ಒಂದು ಲೆಕ್ಕ ಕೊಡುತ್ತೇನೆ. ಸೊನ್ನೆಯಿಂದ ಪೈ ಬೈ ಫೋರ್ ವರೆಗೆ, ಲಾಗ್ ಆಫ್ ಒನ್ ಪ್ಲಸ್ ಟ್ಯಾನ್ ಎಕ್ಸ್. ನಿನಗೆ ಇದು ಬರುತ್ತದೆ, ಗೊತ್ತು. ಅದಕ್ಕೇ ನೀನು ಮಾಡಬೇಡ. ಅವಳು ಬರೆಯಲಿ, ನೀನು ಪಕ್ಕದಲ್ಲಿ ಕೂತು ಯಾಕೆ ಯಾಕೆ ಅಂತ ಕೇಳು. ಎರಡನೇ ಸಾಲಿನಲ್ಲಿ ಟ್ಯಾನ್ ಎ ಮೈನಸ್ ಬಿ ಸೂತ್ರ ಬೇಕಾಗುತ್ತೆ. ಅಷ್ಟು ಸುಳಿವು ಸಾಕು. ಉತ್ತರದ ಫೋಟೋ ಕಳಿಸಿ, ಅಕ್ಷರ ಅವಳದ್ದಾಗಿರಬೇಕು.

ನಿನ್ನ
ಅಮ್ಮ