ಹತ್ತನೆಯ ತರಗತಿಯ ಚಿತ್ರಕಲೆಯ ಅವಧಿ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಹತ್ತನೆಯ ತರಗತಿಯ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡಬೇಕೆಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಈ ಆತಂಕ ಸಹಜವೇ. ಆದರೂ ಆ ಅವಧಿಯನ್ನು ಉಳಿಸಿಕೊಳ್ಳಲು ಶಾಲೆ ತೀರ್ಮಾನಿಸಿದೆ; ಕಾರಣವನ್ನು ತಿಳಿಸುವುದು ನನ್ನ ಕರ್ತವ್ಯ.

ಬಂಗಾಳದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ (1904–1980) ಅವರಿಗೆ ಹುಟ್ಟಿನಿಂದಲೇ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿ ತೀರ ಮಂದವಾಗಿತ್ತು. ಶಾಂತಿನಿಕೇತನದ ಶಾಲೆಯಲ್ಲಿ ಓದುತ್ತಿದ್ದ ಅವರು, 1919ರಲ್ಲಿ ಅಲ್ಲಿಯೇ ಕಲಾಭವನ ಎಂಬ ಕಲಾಶಾಲೆ ಆರಂಭವಾದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದರು. ಇಂಥ ದೃಷ್ಟಿಯವನಿಗೆ ಚಿತ್ರಕಲೆ ಒಗ್ಗೀತೇ ಎಂದು ಅಲ್ಲಿನ ಕಲಾಗುರು ನಂದಲಾಲ್ ಬೋಸ್ ಅನುಮಾನಿಸಿದಾಗ, ಹುಡುಗ ಮನಸ್ಸಿಟ್ಟು ಕೂತು ಕೆಲಸ ಮಾಡುವುದಾದರೆ ಅಡ್ಡಿ ಬರಬೇಡಿ ಎಂಬ ಸಲಹೆ ರವೀಂದ್ರನಾಥ ಠಾಕೂರರಿಂದ ಬಂತು. ಹದಿನೈದರ ವಯಸ್ಸಿನಲ್ಲಿ ಯಾರ ಪ್ರತಿಭೆಯನ್ನೂ ಖಚಿತವಾಗಿ ಅಳೆಯಲಾಗದು. ಕೂರುವ ಜಾಗವನ್ನೂ ಸಮಯವನ್ನೂ ಮಾತ್ರ ಶಾಲೆ ಕೊಡಬಲ್ಲದು.

ಮುಂದೆ ಅವರು ಕಲಾಭವನದಲ್ಲಿಯೇ ಅಧ್ಯಾಪಕರಾದರು. 1946–47ರಲ್ಲಿ ಶಾಂತಿನಿಕೇತನದ ಹಿಂದಿ ಭವನದ ಮೂರು ಗೋಡೆಗಳ ಮೇಲ್ಭಾಗದಲ್ಲಿ, ಹಸಿ ಗಾರೆಯ ಮೇಲೆ, ಮಧ್ಯಯುಗದ ಸಂತರ ಭಿತ್ತಿಚಿತ್ರವನ್ನು ರಚಿಸಿದಾಗ ವಿದ್ಯಾರ್ಥಿಗಳೂ ಜೊತೆಗಿದ್ದರು. ಗುರುವಿನ ಪಕ್ಕದಲ್ಲಿ ನಿಂತು ಕಲಿಯುವುದೆಂದರೆ ಇದು. ಆ ಸಹಾಯಕರಲ್ಲಿ ಒಬ್ಬರಾದ ಕೆ.ಜಿ. ಸುಬ್ರಹ್ಮಣ್ಯನ್, ಮದರಾಸಿನಲ್ಲಿ ಅರ್ಥಶಾಸ್ತ್ರ ಓದಿ 1944ರಲ್ಲಿ ಕಲಾಭವನಕ್ಕೆ ಬಂದವರು. ಮುಂದೆ ಬರೋಡದಲ್ಲಿಯೂ ಶಾಂತಿನಿಕೇತನದಲ್ಲಿಯೂ ಹಲವು ತಲೆಮಾರುಗಳಿಗೆ ಪಾಠ ಹೇಳಿದರು. ನಮ್ಮ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಕಲಾವಿದೆ ಶೀಲಾ ಗೌಡ ಅವರ ಗುರುಗಳಲ್ಲಿ ಅವರೂ ಒಬ್ಬರು.

ಚಿತ್ರ ಚೆನ್ನಾಗಿ ಬರೆಯುವ ಮಕ್ಕಳ ಪೋಷಕರಿಗೂ ಒಂದು ಮಾತು ಹೇಳಬೇಕು. ಇದು ಅವರಿಗೆ ಅಷ್ಟು ಹಿಡಿಸಲಿಕ್ಕಿಲ್ಲ. ಬಿನೋದ್ ಬಿಹಾರಿ ಅವರು ಶಸ್ತ್ರಚಿಕಿತ್ಸೆಯ ನಂತರ ಪೂರ್ಣವಾಗಿ ದೃಷ್ಟಿ ಕಳೆದುಕೊಂಡು, 1958ರಲ್ಲಿ ಕಲಾಭವನಕ್ಕೆ ಮರಳಿದ್ದು ಕಲೆಯ ಸಿದ್ಧಾಂತವನ್ನು ಬೋಧಿಸಲು. ಕುಂಚದ ಅಭ್ಯಾಸವೊಂದನ್ನೇ ನೆಚ್ಚಿದವರಿಗೆ ಆ ಪಾಠ ಸಾಧ್ಯವಾಗುತ್ತಿರಲಿಲ್ಲ. ಓದು, ಭಾಷೆ, ಇತಿಹಾಸದ ತಿಳಿವಳಿಕೆ ಅದರ ಹಿಂದಿತ್ತು. ಚಿತ್ರ ಮಾರಿಯೇ ಬದುಕುವವರು ಕಡಿಮೆ, ಬೋಧನೆಯನ್ನು ಆಶ್ರಯಿಸುವವರು ಬಹಳ. ದೃಶ್ಯಕಲೆಯ ಪದವಿಗೆ ಸೇರಲು ಪಿಯುಸಿ ಮುಗಿಸಿರಬೇಕು ಎಂಬುದನ್ನೂ ಗಮನಿಸಿ. ಆದ್ದರಿಂದ ಡ್ರಾಯಿಂಗ್ ನೆಪದಲ್ಲಿ ಗಣಿತದ ಮನೆಗೆಲಸ ತಪ್ಪಿಸುವುದಕ್ಕೆ ದಯವಿಟ್ಟು ಒಪ್ಪಬೇಡಿ.

ಗಣಿತದಲ್ಲಿ ಹಿಂದುಳಿದವರಿಗೆ ಬರುವ ಸೋಮವಾರದಿಂದ ಪ್ರಾರ್ಥನೆಗೆ ಮುನ್ನ ವಿಶೇಷ ತರಗತಿ ನಡೆಯಲಿದೆ. ಲೋಯರ್ ಅಥವಾ ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆ ಕೂರುವ ಮಕ್ಕಳ ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ, ಶನಿವಾರದೊಳಗೆ ಚಿತ್ರಕಲಾ ಶಿಕ್ಷಕರಿಗೆ ತಲುಪಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು