ಬಾತುಮರಿಯ ಓಡು ಬಿಡಿಸಿದ ಕಥೆ

ಗ್ಲಾಸ್ಟರ್‌ಷೈರ್, ಇಂಗ್ಲೆಂಡ್

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ ಎಂದು ತಿಳಿಸು. ಎಣ್ಣೆ ಹಚ್ಚುವುದನ್ನು ಅವರು ಬಿಟ್ಟಿರುತ್ತಾರೆ, ನನಗೆ ಗೊತ್ತು.

ಮೊನ್ನೆ ಫೋನಿನಲ್ಲಿ ನೀನು ಬೈದದ್ದಕ್ಕೆ ಈ ಕಾಗದವೇ ಉತ್ತರ. "ಮರಿ ಒಳಗೆ ಚೀರುತ್ತಿದ್ದರೆ ಕೈಕಟ್ಟಿಕೊಂಡು ಕೂತಿದ್ದೆಯಾ? ಓಡು ಬಿಡಿಸಿ ತೆಗೆಯುವುದಕ್ಕೇನು?" ಎಂದೆಯಲ್ಲ, ಕೂತಿದ್ದೆ ಎನ್ನುವುದು ನಿಜ. ಅವಸರಪಟ್ಟು ತೆಗೆದಿದ್ದರೆ ಅದು ರಕ್ತ ಸೋರಿಯೇ ಸಾಯುತ್ತಿತ್ತು.

ನಮ್ಮ ಕೋಳಿಗೆ 21 ದಿನ ಸಾಕು, ಬಾತಿಗೆ 28 ಬೇಕು. ಮನೆಯೊಡತಿಯ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುತ್ತದೆ. 25ನೆಯ ದಿನದಿಂದ ಮೊಟ್ಟೆ ತಿರುಗಿಸುವಂತಿಲ್ಲ, ಒಳಗಿನ ತೇವ ಹೆಚ್ಚಿಸಬೇಕು, ಮುಚ್ಚಳ ಮುಟ್ಟಬಾರದು. ಮರಿ ಮೊದಲು ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಜಾಗಕ್ಕೆ ಕೊಕ್ಕು ತೂರಿಸಿ ಉಸಿರಾಡುತ್ತದೆ, ಆಮೇಲೆ ಓಡನ್ನು ಕುಟ್ಟಿ ಒಂದು ಕಡೆ ಒಡೆಯುತ್ತದೆ. ಅಲ್ಲಿಂದ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ. ಹೊರಗಿನಿಂದ ನೋಡುವವರಿಗೆ ಮರಿ ಸುಮ್ಮನೆ ಬಿದ್ದಿರುವಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಪೊರೆಯ ನರಗಳಲ್ಲಿರುವ ರಕ್ತ ಮೈಗೆ ಸೇರುತ್ತಿರುತ್ತದೆ, ಉಳಿದ ಹಳದಿ ಭಾಗ ಹೊಟ್ಟೆಯೊಳಕ್ಕೆ ಹೋಗುತ್ತಿರುತ್ತದೆ. ಅದು ಮುಗಿಯುವ ಮೊದಲು ಕೈಹಾಕಿದರೆ ಕೆಟ್ಟಿತು.

ಉಳಿದವೆಲ್ಲ ತಾವೇ ಬಂದವು. ಅವು ಬಂದ ಸಂಭ್ರಮಕ್ಕೆ ಮನೆಯೊಡತಿಯ ಮೊಮ್ಮಗ ಮುಚ್ಚಳ ಎತ್ತಿ ನೋಡುತ್ತಲೇ ಇದ್ದ. ತೇವವೆಲ್ಲ ಹಾರಿಹೋಗಿ, ಹಿಂದೆ ಉಳಿದ ಒಂದು ಮೊಟ್ಟೆಯ ಪೊರೆ ಬೆಳ್ಳಗೆ ಕಾಗದದಂತೆ ಒಣಗಿ ಮರಿಯ ಕೊಕ್ಕಿಗೆ ಅಂಟಿಕೊಂಡಿತು. ಮರಿ ಕೂಗಬಲ್ಲದು, ತಿರುಗಲಾರದು. ತಿರುಗದಿದ್ದರೆ ಓಡನ್ನು ಸುತ್ತಲೂ ಕತ್ತರಿಸುವುದು ಹೇಗೆ?

ದುರ್ಬಲವಾದದ್ದನ್ನು ಬಿಟ್ಟುಬಿಡಬೇಕು ಎನ್ನುವವರು ಇಲ್ಲಿಯೂ ಇದ್ದಾರೆ. ಆದರೆ ಪೆಟ್ಟಿಗೆ ಒಣಗಿದ್ದಕ್ಕೆ ಮರಿ ಏನು ಮಾಡೀತು?

ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಆವಿ ತುಂಬಿಸಿಕೊಂಡು ಅಲ್ಲೇ ಕೆಲಸಕ್ಕೆ ಕೂತೆವು. ನೀನು ಕಳಿಸಿದ ಕೊಬ್ಬರಿ ಎಣ್ಣೆ ಈ ಚಳಿಗೆ ಗಟ್ಟಿಯಾಗಿತ್ತು, ಅಂಗೈಯಲ್ಲಿ ಕರಗಿಸಿ ಸಣ್ಣ ಕುಂಚದಿಂದ ಪೊರೆಗೆ ಸವರಿದೆ. ಮೂಗಿನ ಹೊಳ್ಳೆಗೆ ಎಣ್ಣೆ ತಾಗದಂತೆ ನೋಡಿಕೊಳ್ಳಬೇಕು. ಸವರಿದ ಕೂಡಲೇ ಪೊರೆ ಪಾರದರ್ಶಕವಾಯಿತು, ಒಳಗೆ ಕೆಂಪು ನರಗಳು ಕವಲೊಡೆದು ಹರಡಿದ್ದು ಕಂಡಿತು. ತಕ್ಷಣ ನಿಲ್ಲಿಸಿ, ಪಕ್ಕದಲ್ಲಿ ಒದ್ದೆ ಬಟ್ಟೆಯಿಟ್ಟು, ಮೊಟ್ಟೆಯನ್ನು ಪೆಟ್ಟಿಗೆಗೆ ಮರಳಿಸಿದೆವು. ನಾನು ಕೈಕಟ್ಟಿ ಕೂತಿದ್ದು ಆಗಲೇ. ಗಂಟೆಗಳ ನಂತರ ನೋಡಿದಾಗ ನರಗಳು ಮಾಸಿದ್ದವು. ಚಿಮುಟದಿಂದ ಓಡನ್ನು ಚೂರುಚೂರಾಗಿ ಬಿಡಿಸಿದೆ. ನಡುವೆ ಮರಿ ಆಕಳಿಸುವ ಹಾಗೆ ಬಾಯಿ ತೆರೆದು ಮುಚ್ಚತೊಡಗಿತು, ಹಳದಿ ಭಾಗ ಇನ್ನೂ ಪೂರ್ತಿ ಒಳಗೆ ಹೋಗಿಲ್ಲ ಎಂದರ್ಥ, ಮತ್ತೆ ಪೆಟ್ಟಿಗೆಗೆ. ಕೊನೆಗೆ ತಲೆಯ ಭಾಗವನ್ನಷ್ಟೇ ಬಿಡಿಸಿ, ಹಿಂಭಾಗವನ್ನು ಓಡಿನಲ್ಲೇ ಬಿಟ್ಟೆ. ಬೆಳಗಿನ ಜಾವ ಅದೇ ಒದ್ದುಕೊಂಡು ಹೊರಬಂತು. ಹೊಕ್ಕುಳು ಮುಚ್ಚಿತ್ತು. ಈಗ ಎಲ್ಲರಿಗಿಂತ ಮೊದಲು ನೀರಿನ ತಟ್ಟೆಗೆ ನುಗ್ಗುವುದು ಅದೇ.

ಇವು ಖಾಕಿ ಕ್ಯಾಂಪ್‌ಬೆಲ್ ತಳಿ. ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ಇದೇ ಗ್ಲಾಸ್ಟರ್‌ಷೈರಿನ ಯೂಲಿ ಎಂಬ ಹಳ್ಳಿಯಲ್ಲಿ ಬೆಳೆಸಿದ್ದು. ಅದರಲ್ಲಿ ಇಂಡಿಯನ್ ರನ್ನರ್ ಬಾತಿನ ರಕ್ತವೂ ಇದೆ. ಆ ರನ್ನರ್ ಹೆಸರಿಗಷ್ಟೇ ಇಂಡಿಯನ್, ಅದರ ಮೂಲ ಇಂಡೋನೇಷ್ಯಾ! ಬೆಂಗಳೂರಿನ ಹೆಸರಘಟ್ಟದ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲಿಯೂ ಈ ಖಾಕಿ ತಳಿಯನ್ನು ಸಾಕಿದ್ದಾರೆ. ಅಪ್ಪ ಬಾತು ಸಾಕುವ ಮಾತೆತ್ತಿದ್ದರಲ್ಲ, ಅಲ್ಲಿ ವಿಚಾರಿಸಲಿ. ಮೊಟ್ಟೆ ಇಡುವುದರಲ್ಲಿ ಇದು ಧಾರಾಳಿ, ಕಾವಿಗೆ ಕೂರುವುದರಲ್ಲಿ ಮಾತ್ರ ಮಹಾ ಸೋಮಾರಿ.

ಹಾಗಾಗಿ ನಿನ್ನ ಕರಿ ಹೇಂಟೆಯನ್ನೇ ಕೂರಿಸು. ಬಾತಿನ ಮೊಟ್ಟೆ ದೊಡ್ಡದು, ಅವಳ ರೆಕ್ಕೆಯಡಿ ಹಿಡಿಸುವಷ್ಟೇ ಇಡು. ಕೊನೆಯ ವಾರದಲ್ಲಿ ಮೊಟ್ಟೆಗಳ ಮೇಲೆ ಉಗುರುಬೆಚ್ಚನೆಯ ನೀರು ಚಿಮುಕಿಸು, ತಾಯಿಬಾತು ಒದ್ದೆ ಮೈಯಲ್ಲಿ ಬಂದು ಕೂರುವ ಲೆಕ್ಕ ಅದು. ಮರಿಗಳು ಬಂದ ಮೇಲೆ ಕೆಲವು ವಾರ ಕೆರೆಗೆ ಬಿಡಬೇಡ. ಎಳೆಯ ಮರಿಯ ರೋಮ ನೆನೆದರೆ ಚಳಿ ಹಿಡಿಯುತ್ತದೆ, ಕೋಳಿತಾಯಿ ಎಣ್ಣೆಯಂಶ ಸವರಿ ಕೊಡಲಾರಳು.

21ನೆಯ ದಿನಕ್ಕೆ ಹೇಂಟೆ ಬೇಸತ್ತು ಏಳಲು ನೋಡಿದರೆ ಫೋನ್ ಮಾಡು. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ತಿಳಿಸು.

ನಿನ್ನ ಮಗಳು