ನಿನ್ನ ಪೈ ಮುಳುಗಿದ್ದು ಯಾಕೆ?

ಪ್ರಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ಮೊದಲು ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಮೇಲಿರಬೇಕಾದ ಆಲೂಗಡ್ಡೆ ಗ್ರೇವಿಯೊಳಗೆ ಇಳಿದುಹೋಗಿ, ಅಲ್ಲೊಂದು ಇಲ್ಲೊಂದು ಬಿಳಿ ಗುಡ್ಡೆ ಮಾತ್ರ ತಲೆ ಎತ್ತಿಕೊಂಡು ಕೂತಿತ್ತು. ಅದರ ಕೆಳಗೆ ನೀನು ಬರೆದ ಸಾಲು ಇನ್ನೂ ಮಜವಾಗಿತ್ತು: "ಸೂಪ್ ಚೆನ್ನಾಗಿದೆ ಅಂದರು ಅಪ್ಪ."

ಅಪ್ಪನಿಗೆ ಹಲ್ಲು ಕೀಳಿಸಿದ್ದಾರೆ, ಹೊಸ ಸೆಟ್ ಬರುವುದು ಇನ್ನೂ ತಡ, ಮೆತ್ತಗಿನದ್ದು ಅಂತ ಏನು ಕೊಟ್ಟರೂ ಮುಖ ತಿರುಗಿಸುತ್ತಾರೆ, ಮಾಂಸವಿಲ್ಲದಿದ್ದರೆ ಅದು ಊಟವೇ ಅಲ್ಲ ಅನ್ನುತ್ತಾರೆ. ಇಷ್ಟು ಕೇಳಿದ ಮೇಲೆ ಶೆಫರ್ಡ್ಸ್ ಪೈ ಮಾಡಬೇಕು ಅಂತ ನಿನಗೆ ಹೊಳೆದದ್ದು ಸರಿಯಾಗಿಯೇ ಇದೆ. ಕೆಳಗೆ ಕೈಮಾ, ಮೇಲೆ ಹಿಸುಕಿದ ಆಲೂಗಡ್ಡೆ, ತಿನ್ನಲು ಒಂದು ಚಮಚ. ಹಲ್ಲಿಗೆ ಕೆಲಸವೇ ಇಲ್ಲ. ನಾಲಿಗೆಗೆ ಮಾತ್ರ ಕೈತುಂಬ ಕೆಲಸ.

ತಪ್ಪು ನಿನ್ನದಲ್ಲ, ನನ್ನದು. ಫೋನಿನಲ್ಲಿ ಅಳತೆಯನ್ನೆಲ್ಲ ಗಡಿಬಿಡಿಯಲ್ಲಿ ಹೇಳಿ ಮುಗಿಸಿದೆ. ಹೇಳಲೇಬೇಕಾದದ್ದು ಬಿಟ್ಟುಹೋಯಿತು. ಈ ಅಡುಗೆಯಲ್ಲಿ ನಾವು ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ: ನೀರನ್ನು ಓಡಿಸುವುದು. ಮಾಂಸದಿಂದ ಓಡಿಸಬೇಕು, ಗ್ರೇವಿಯಿಂದ ಓಡಿಸಬೇಕು, ಆಲೂಗಡ್ಡೆಯಿಂದ ಓಡಿಸಬೇಕು, ಕೊನೆಗೆ ಓವನ್‌ನಲ್ಲಿ ಮೇಲ್ಪದರದಿಂದಲೂ ಓಡಿಸಬೇಕು. ನಾಲ್ಕರಲ್ಲಿ ಎಲ್ಲಿ ಸೋತರೂ ಸೂಪೇ.

ಮಾಂಸದಿಂದ ಶುರು ಮಾಡೋಣ. ಅರ್ಧ ಕೆಜಿ ಕೈಮಾ, ನಾಲ್ಕು ಜನಕ್ಕೆ ಸಾಕು. ನೀನು ಈರುಳ್ಳಿ ಬಾಡಿಸಿ, ಅದರ ಮೇಲೆ ಅಷ್ಟೂ ಕೈಮಾ ಒಟ್ಟಿಗೆ ಸುರಿದಿರುತ್ತೀಯ. ಅಲ್ವಾ? ಆಗ ಏನಾಗುತ್ತದೆ ಗೊತ್ತಾ, ಪಾತ್ರೆ ಒಮ್ಮೆಲೇ ತಣ್ಣಗಾಗುತ್ತದೆ. ಮಾಂಸ ನೀರು ಬಿಡುತ್ತದೆ. ಆ ನೀರು ಇರುವವರೆಗೆ ತಳದ ಬಿಸಿ 100 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ, ಯಾಕೆಂದರೆ ಬೆಂಕಿಯ ಶಕ್ತಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಮಾಂಸ ಹುರಿದು ಕಂದು ಬಣ್ಣ ಬರಬೇಕಾದರೆ ಸುಮಾರು 140 ಡಿಗ್ರಿಯಾದರೂ ದಾಟಬೇಕು. ಹಾಗಾಗಿ ಕೈಮಾ ಹುರಿಯುವುದಿಲ್ಲ, ತನ್ನದೇ ನೀರಿನಲ್ಲಿ ಬೇಯುತ್ತದೆ. ಬೂದು ಬಣ್ಣ, ಸಪ್ಪೆ ವಾಸನೆ.

ಅದಕ್ಕೆ ಹೀಗೆ ಮಾಡು. ಅಗಲವಾದ, ದಪ್ಪ ತಳದ ಪಾತ್ರೆ ಚೆನ್ನಾಗಿ ಕಾಯಲಿ. ಕೈಮಾವನ್ನು ಎರಡು ಪಾಲು ಮಾಡಿ, ಒಂದು ಪಾಲು ಹಾಕಿ, ಚಪ್ಪಟೆಯಾಗಿ ಹರಡಿ, ಸುಮ್ನೆ ಬಿಡು. ಚಮಚ ಕೆಳಗಿಡು. ನಿನ್ನ ಕೈ ಸುಮ್ಮನಿರುವುದಿಲ್ಲ ಅಂತ ನನಗೆ ಗೊತ್ತು, ಆದರೂ ಮೂರ್ನಾಲ್ಕು ನಿಮಿಷ ಮುಟ್ಟಬೇಡ. ಮೊದಲು ಚೊಯ್ ಅನ್ನುವ ಸದ್ದು ಬರುತ್ತದೆ, ಅದು ನೀರಿನ ಸದ್ದು. ಆಮೇಲೆ ಅದು ತಗ್ಗಿ ಚಟಪಟ ಶುರುವಾಗುತ್ತದೆ. ಅದು ಕೊಬ್ಬಿನ ಸದ್ದು. ಚಟಪಟ ಕೇಳಿದ ಮೇಲೆಯೇ ತಿರುವಿ ಹಾಕು. ತಳಕ್ಕೆ ಅಂಟಿದ ಕಂದು ಚೂರುಗಳನ್ನು ನೋಡಿ ಸೀದುಹೋಯಿತು ಅಂತ ಹೆದರಬೇಡ. ರುಚಿಯೆಲ್ಲ ಅಲ್ಲೇ ಇದೆ, ಸ್ವಲ್ಪ ನೀರು ಬಿದ್ದರೆ ಬಿಟ್ಟುಕೊಳ್ಳುತ್ತದೆ.

ಎರಡೂ ಪಾಲು ಹುರಿದು ತೆಗೆದಿಟ್ಟು, ಅದೇ ಪಾತ್ರೆಯಲ್ಲಿ ಒಂದು ದೊಡ್ಡ ಈರುಳ್ಳಿ, ಎರಡು ಕ್ಯಾರೆಟ್, ಎರಡು ಎಸಳು ಬೆಳ್ಳುಳ್ಳಿ. ಕ್ಯಾರೆಟ್ ಹೆಚ್ಚಬೇಡ, ತುರಿ. ಬೇಗ ಕರಗುತ್ತದೆ, ಅಪ್ಪನ ಒಸಡಿಗೂ ಒತ್ತುವುದಿಲ್ಲ. ಇದೇ ಕಾರಣಕ್ಕೆ ನಾರು ನಾರಾದ ಸೆಲರಿ ದಂಟು ಈ ಸಲ ಬೇಡ.

ಇನ್ನು ಗ್ರೇವಿ. ನಾಲ್ಕು ಹಣ್ಣು ಟೊಮೆಟೊ ಹೆಚ್ಚಿ ಹಾಕಿದೆ ಅಂದೆಯಲ್ಲ, ಸೂಪಿನ ಅರ್ಧ ಕಥೆ ಅಲ್ಲೇ ಇದೆ. ಟೊಮೆಟೊ ಅಂದರೆ ಬಹುಪಾಲು ನೀರೇ. ಅದರ ಬದಲು ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಹಾಕಿ, ಬಣ್ಣ ಇಟ್ಟಿಗೆಯಂತೆ ಗಾಢವಾಗುವವರೆಗೆ ಹುರಿ. ಮೇಲೆ ಒಂದು ದೊಡ್ಡ ಚಮಚ ಮೈದಾ ಉದುರಿಸಿ ಒಂದು ನಿಮಿಷ ಕಲಸು. ಕೈಮಾ ವಾಪಸ್ ಹಾಕು. ಆಮೇಲೆ ಸುಮಾರು 300 ಮಿಲಿಲೀಟರ್ ಸ್ಟಾಕ್ (ಮೂಳೆಯನ್ನೋ ತರಕಾರಿಯನ್ನೋ ಬೇಯಿಸಿ ಸೋಸಿದ ನೀರು), ಒಂದು ಚಮಚ ವೂಸ್ಟರ್ ಸಾಸ್, ಮೆಣಸು, ಥೈಮ್ ಅನ್ನುವ ಪರಿಮಳದ ಸೊಪ್ಪು ಇದ್ದರೆ ಒಂದು ಚಿಟಿಕೆ. ಉಪ್ಪು ಕೊನೆಗೆ ನೋಡಿ ಹಾಕು, ಸಾಸಿನಲ್ಲೂ ಉಪ್ಪಿರುತ್ತದೆ. ಆ ಸಾಸ್ ಬಾಟಲಿಯ ಲೇಬಲ್ ಒಂದು ಸಲ ಓದು. ವಿನಿಗರ್, ಆಂಚೋವಿ ಅನ್ನುವ ಸಣ್ಣ ಮೀನು, ಜೊತೆಗೆ ನಮ್ಮ ಹುಣಸೆಹಣ್ಣು! ಅಷ್ಟು ದೂರದ ಬಾಟಲಿಯೊಳಗೆ ಹುಣಸೆ ಕೂತಿರುವುದು ನೋಡಿ ನನಗೆ ದಾರಿಯಲ್ಲಿ ಪರಿಚಯದವರು ಸಿಕ್ಕ ಹಾಗಾಗಿತ್ತು.

ಮುಚ್ಚಳ ತೆಗೆದೇ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಕುದಿಸು. ಮುಚ್ಚಿದರೆ ಆವಿ ಮತ್ತೆ ಹನಿಯಾಗಿ ಒಳಗೇ ಬೀಳುತ್ತದೆ. ಚಮಚದಿಂದ ಪಾತ್ರೆಯ ತಳದಲ್ಲಿ ಒಂದು ಗೆರೆ ಎಳೆ. ಗೆರೆ ಒಂದೆರಡು ಕ್ಷಣ ಹಾಗೇ ನಿಂತರೆ ಆಯಿತು. ತಕ್ಷಣ ರಸ ಬಂದು ಮುಚ್ಚಿಕೊಂಡರೆ ಇನ್ನೂ ಕುದಿಯಬೇಕು. ಒಂದು ಹಿಡಿ ಬಟಾಣಿ ಬೇಕಿದ್ದರೆ ಈಗ ಹಾಕು. ಮೇಲೆ ಕೊಬ್ಬು ಜಾಸ್ತಿ ತೇಲಿದರೆ ಚಮಚದಲ್ಲಿ ತೆಗೆದುಬಿಡು.

ಇದಾದ ಮೇಲೆ ಯಾರೂ ಹೇಳದ, ಹೇಳಿದರೂ ಯಾರೂ ಮಾಡದ ಕೆಲಸ ಒಂದಿದೆ. ಕೈಮಾವನ್ನು ಬೇಕ್ ಮಾಡುವ ತಟ್ಟೆಗೆ ಸುರಿದು, ಹರಡಿ, ಆರಲು ಬಿಡು. ಅರ್ಧ ಗಂಟೆ ಸಾಕು. ಆರುತ್ತಾ ಆರುತ್ತಾ ಅದು ಬಿಗಿಯಾಗುತ್ತದೆ, ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ಆಗ ಆಲೂಗಡ್ಡೆಯ ಭಾರ ತಡೆದುಕೊಳ್ಳುತ್ತದೆ. ನೀನು ಕುದಿಯುವ ಗ್ರೇವಿಯ ಮೇಲೇ ಆಲೂಗಡ್ಡೆ ಹಾಕಿದ್ದೀಯ, ಫೋಟೊ ನೋಡಿದರೇ ಗೊತ್ತಾಗುತ್ತದೆ. ಕೆಸರಿನ ಮೇಲೆ ಕಲ್ಲು ಇಟ್ಟ ಹಾಗೆ.

ಕೈಮಾ ಆರುವ ಹೊತ್ತಿಗೆ ಆಲೂಗಡ್ಡೆ ನೋಡಿಕೊಳ್ಳಬಹುದು. ಅದಕ್ಕೆ ಮುಂಚೆ ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ, ಆಗ ನಾನು ನಕ್ಕದ್ದಕ್ಕೆ ಲೆಕ್ಕ ಚುಕ್ತಾ. ಮೊದಲ ಸಲ ಈ ಪೈ ಮಾಡಿದಾಗ ಹಿಸುಕುವುದಕ್ಕೆ ಸೋಮಾರಿತನವಾಗಿ, ಬೆಂದ ಆಲೂಗಡ್ಡೆಯನ್ನು ಮಿಕ್ಸಿಗೆ ಹಾಕಿದೆ. ಹತ್ತೇ ಸೆಕೆಂಡು. ಮುಚ್ಚಳ ತೆಗೆದರೆ ಒಳಗೆ ಅಂಟು! ಪುಸ್ತಕಕ್ಕೆ ಬೈಂಡು ಹಾಕಬಹುದಿತ್ತು. ಚಮಚ ಎತ್ತಿದರೆ ಇಡೀ ಮುದ್ದೆ ಜೊತೆಗೇ ಎದ್ದು ಬಂತು. ಆಲೂಗಡ್ಡೆಯ ಜೀವಕೋಶಗಳೊಳಗೆ ಪಿಷ್ಟ ಉಬ್ಬಿಕೊಂಡು ಕೂತಿರುತ್ತದೆ. ಮೆಲ್ಲಗೆ ಹಿಸುಕಿದರೆ ಕೋಶಗಳು ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ ಅಷ್ಟೇ. ಬ್ಲೇಡಿಗೆ ಕೊಟ್ಟರೆ ಒಡೆಯುತ್ತವೆ, ಪಿಷ್ಟ ಹೊರಗೆ ಬಂದು ಎಲ್ಲವನ್ನೂ ಅಂಟಿಸಿಬಿಡುತ್ತದೆ. ಒಂದು ಸಲ ಅಂಟಾದ ಮೇಲೆ ಬೆಣ್ಣೆ ಹಾಕಿದರೂ ಇಲ್ಲ, ಬೇಡಿಕೊಂಡರೂ ಇಲ್ಲ.

ಬೆಂದರೆ ಹಿಟ್ಟು ಹಿಟ್ಟಾಗಿ ಒಡೆಯುವ ಆಲೂಗಡ್ಡೆ ತಗೋ, ಸುಮಾರು 900 ಗ್ರಾಂ. ಮೇಣದ ಹಾಗೆ ಗಟ್ಟಿಯಾಗಿಯೇ ಉಳಿಯುವ ಜಾತಿ ಇದಕ್ಕೆ ಆಗುವುದಿಲ್ಲ. ಸಿಪ್ಪೆ ತೆಗೆದು, ಒಂದೇ ಗಾತ್ರದ ದೊಡ್ಡ ಹೋಳು ಮಾಡು. ಸಣ್ಣಗೆ ಹೆಚ್ಚಿದಷ್ಟೂ ನೀರು ಕುಡಿಯುತ್ತದೆ. ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ 80ರಷ್ಟು ಮೊದಲೇ ನೀರು, ಇನ್ನು ಮೇಲೆ ಕುಡಿಸುವುದು ಯಾಕೆ? ತಣ್ಣೀರಿನಲ್ಲಿ ಉಪ್ಪಿನ ಜೊತೆ ಇಟ್ಟು ಕುದಿಗೆ ತಾ. ಕುದಿಯುವ ನೀರಿಗೆ ಹಾಕಿದರೆ ಹೊರಗಡೆ ಕರಗುವಾಗ ಒಳಗಡೆ ಇನ್ನೂ ಗಟ್ಟಿ. ಕುಕ್ಕರ್ ಆಸೆ ಬೇಡ. ಬೆಂದದ್ದು ತಿಳಿಯುವ ಹೊತ್ತಿಗೆ ಬಿರಿದು ನೀರಿನಲ್ಲೇ ನೆನೆದಿರುತ್ತದೆ.

ಚಾಕು ಸಲೀಸಾಗಿ ಇಳಿದರೆ ನೀರು ಬಸಿದು, ಅದೇ ಬಿಸಿ ಪಾತ್ರೆಗೆ ಹೋಳುಗಳನ್ನು ವಾಪಸ್ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕುಲುಕು. ಆವಿ ಹೋಗುತ್ತಾ ಹೋಗುತ್ತಾ ಹೋಳುಗಳ ಅಂಚು ಪೌಡರ್ ಹಚ್ಚಿದ ಮುಖದ ಹಾಗೆ ಬೆಳ್ಳಗಾಗುತ್ತದೆ. ಆ ಬಿಳುಪು ಕಾಣದೆ ಹಿಸುಕಲು ಹೋಗಬೇಡ. ಬಿಸಿಯಿರುವಾಗಲೇ ಕೈಯಿಂದ ಹಿಸುಕಿ, ಮೊದಲು 50 ಗ್ರಾಂ ಬೆಣ್ಣೆ, ಆಮೇಲೆ ಬಿಸಿ ಹಾಲು ಸ್ವಲ್ಪ ಸ್ವಲ್ಪ. ಅರ್ಧ ಲೋಟ ಸಾಕಾಗಬಹುದು. ಸುಮ್ನೆ ಚಮಚದಲ್ಲಿ ತಿನ್ನುವ ಮ್ಯಾಶ್‌ಗಿಂತ ಇದು ಒಂದು ಪಟ್ಟು ಗಟ್ಟಿಯಾಗಿಯೇ ಇರಲಿ. ಒಂದು ಮೊಟ್ಟೆಯ ಹಳದಿ ಕಲಸಿದರೆ ಮೇಲ್ಪದರಕ್ಕೆ ಒಳ್ಳೆ ಬಣ್ಣ ಬರುತ್ತದೆ. ಚೀಸ್ ಹಾಕುವವರೂ ಇದ್ದಾರೆ. ನನಗೆ ಅದು ಮಾಂಸದ ರುಚಿ ಮುಚ್ಚುತ್ತದೆ ಅನ್ನಿಸುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ ಮರೆತಿದ್ದೆ. ಹಿಟ್ಟಿನ ಪದರವೇ ಇಲ್ಲದ ಇದಕ್ಕೆ ಪೈ ಅನ್ನುವ ಹೆಸರು ಯಾವಾಗಿನಿಂದ? ಇಂಗ್ಲೆಂಡಿನಲ್ಲಿ ಜೇಮ್ಸ್ ವುಡ್‌ಫೋರ್ಡ್ ಅನ್ನುವ ಪಾದ್ರಿ ತನ್ನ ದಿನಚರಿಯಲ್ಲಿ 1791ರಲ್ಲೇ 'ಕಾಟೇಜ್ ಪೈ' ಅಂತ ಬರೆದಿದ್ದಾನೆ. ಗುಡಿಸಲಿನ ಪೈ ಅನ್ನಬಹುದು. ಆಲೂಗಡ್ಡೆ ಬಡವರ ಊಟವಾಗಿದ್ದ ಕಾಲ. 'ಶೆಫರ್ಡ್ಸ್ ಪೈ' (ಕುರುಬನ ಪೈ) ಅನ್ನುವ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ. ಕುರಿ ಮಾಂಸವಾದರೆ ಶೆಫರ್ಡ್ಸ್, ದನದ ಮಾಂಸವಾದರೆ ಕಾಟೇಜ್ ಅಂತ ಈಗ ಜನ ಜಗಳ ಆಡುತ್ತಾರೆ. ಆಗೆಲ್ಲ ಈ ಭೇದ ಇರಲಿಲ್ಲ. ಹಿಂದಿನ ದಿನ ಉಳಿದ ಯಾವ ಮಾಂಸವಾದರೂ ನಡೆಯುತ್ತಿತ್ತು.

ಫ್ರಾನ್ಸಿನವರು ಇದೇ ಬಗೆಯ ಅಡುಗೆಗೆ 'ಆಶಿ ಪಾರ್ಮಂತಿಯೆ' ಅನ್ನುತ್ತಾರೆ. ಪಾರ್ಮಂತಿಯೆ ಒಬ್ಬ ಔಷಧಿ ತಯಾರಕ. ಹದಿನೆಂಟನೇ ಶತಮಾನದ ಏಳು ವರ್ಷಗಳ ಯುದ್ಧದಲ್ಲಿ ಪ್ರಷ್ಯಾದವರ (ಈಗಿನ ಜರ್ಮನಿಯ ಕಡೆಯ ಒಂದು ರಾಜ್ಯ) ಸೆರೆ ಸಿಕ್ಕಿ, ಅಲ್ಲಿ ಕೊಟ್ಟ ಆಲೂಗಡ್ಡೆ ತಿಂದು ಬದುಕಿ ಬಂದವನು. ಆಗ ಫ್ರಾನ್ಸಿನಲ್ಲಿ ಆಲೂಗಡ್ಡೆ ತಿಂದರೆ ಕುಷ್ಠ ಬರುತ್ತದೆ ಅನ್ನುವ ಭಯವಿತ್ತು. ಜನರಿಗೆ ರುಚಿ ಹತ್ತಿಸಲು ಅವನು ಹೊಲದಲ್ಲಿ ಆಲೂಗಡ್ಡೆ ಹಾಕಿ, ಹಗಲು ಕಾವಲಿಟ್ಟು, ರಾತ್ರಿ ಕಾವಲು ತೆಗೆಸುತ್ತಿದ್ದ ಅಂತ ಕಥೆ. ಕಾವಲಿಟ್ಟಿದ್ದಾರೆ ಅಂದ ಮೇಲೆ ಬೆಲೆಬಾಳುವುದೇ ಇರಬೇಕು ಅಂತ ಜನ ರಾತ್ರೋರಾತ್ರಿ ಕದ್ದರಂತೆ. ನಿಜವೋ ಸುಳ್ಳೋ, ನಿನ್ನ ಅಪ್ಪನಿಗೆ ಊಟ ಮಾಡಿಸಲು ಇದೇ ಉಪಾಯ ಹೂಡಬಹುದು. ಇದು ನಿಮಗಲ್ಲ, ನೆಂಟರಿಗೆ ಅಂತ ಹೇಳಿ ನೋಡು.

ಸರಿ, ಓವನ್. ಮೊದಲು 200 ಡಿಗ್ರಿಗೆ ಕಾಯಲಿ. ಮೈಕ್ರೋವೇವ್‌ನ ಬರೀ ಬಿಸಿ ಮಾಡುವ ಮೋಡ್ ಬೇಡ, ಅದರಲ್ಲಿ ಬಣ್ಣ ಬರುವುದಿಲ್ಲ. ಆಲೂಗಡ್ಡೆಯನ್ನು ಮಧ್ಯದಲ್ಲಿ ಒಟ್ಟಿಗೆ ಸುರಿಯದೆ, ತಟ್ಟೆಯ ಅಂಚಿನ ಸುತ್ತ ಸಣ್ಣ ಸಣ್ಣ ಉಂಡೆಗಳಾಗಿ ಇಡುತ್ತಾ ಬಾ. ಅಂಚು ಮುಚ್ಚಿದ ಮೇಲೆ ನಡುವೆ ತುಂಬು. ಹೀಗೆ ಮಾಡಿದರೆ ಗ್ರೇವಿ ಬದಿಯಿಂದ ಉಕ್ಕಿ ಬರುವುದು ಕಡಿಮೆ. ಆಮೇಲೆ ಫೋರ್ಕಿನಿಂದ ಮೇಲೆಲ್ಲ ಗೀರು ಹಾಕು, ನೇಗಿಲ ಸಾಲಿನ ಹಾಗೆ. ಚಂದಕ್ಕೆ ಮಾತ್ರ ಅಲ್ಲ. ಎದ್ದು ನಿಂತ ಏಣುಗಳಿಂದ ನೀರು ಬೇಗ ಆರುತ್ತದೆ, ಅವೇ ಮೊದಲು ಕೆಂಪಾಗಿ ಗರಿಗರಿಯಾಗುತ್ತವೆ. 25ರಿಂದ 30 ನಿಮಿಷ. ಬದಿಯಲ್ಲಿ ಗ್ರೇವಿ ಗುಳುಗುಳು ಅನ್ನಬೇಕು, ಏಣುಗಳು ಹೊಂಬಣ್ಣಕ್ಕೆ ಬರಬೇಕು.

ತೆಗೆದ ಕೂಡಲೇ ಬಡಿಸಬೇಡ. ಹತ್ತು ಹದಿನೈದು ನಿಮಿಷ ಕೂರಲಿ. ಒಳಗಿನ ರಸ ಗಟ್ಟಿಯಾಗುತ್ತದೆ, ಚಮಚ ಹಾಕಿದರೆ ಎರಡು ಪದರ ಬೇರೆ ಬೇರೆಯಾಗಿ ಕಾಣುತ್ತವೆ. ಅಪ್ಪನ ಒಸಡು ಇನ್ನೂ ಹಸಿ, ಅವರದ್ದು ಉಗುರು ಬೆಚ್ಚಗಾಗುವವರೆಗೆ ಕಾಯಬೇಕು. ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸು, ಮೂರು ದಿನದೊಳಗೆ ಮುಗಿಸು. ಮತ್ತೆ ಬಿಸಿ ಮಾಡುವಾಗ ನಡುಭಾಗವೂ ಹೊಗೆಯಾಡಬೇಕು. ನನ್ನ ಕೇಳಿದರೆ ಮರುದಿನದ್ದೇ ಹೆಚ್ಚು ರುಚಿ.

ಮುಂದಿನ ಭಾನುವಾರ ಇನ್ನೊಂದು ಸಲ ಮಾಡು, ಫೋಟೊ ಕಳಿಸು. ಹಾಂ, ಬಡಿಸುವಾಗ ಅಪ್ಪನಿಗೆ ತಟ್ಟೆಯ ಮಧ್ಯದಿಂದ ಕೊಡು, ಅಲ್ಲಿ ಮೆತ್ತಗಿರುತ್ತದೆ. ಮೂಲೆಗಳಲ್ಲಿ ಗ್ರೇವಿ ಉಕ್ಕಿ, ಆಲೂಗಡ್ಡೆಯ ಜೊತೆ ಸೇರಿ ಕಚ್ಚಿಕೊಂಡು ಗಟ್ಟಿಯಾಗಿರುತ್ತದೆ, ಅವರ ಬಾಯಿಗೆ ಆಗುವುದಿಲ್ಲ. ಇಡೀ ತಟ್ಟೆಯಲ್ಲಿ ಅದೇ ಒಳ್ಳೆಯ ಭಾಗ. ಪಾಪ, ನಾಲ್ಕು ಮೂಲೆಯನ್ನೂ ನೀನೇ ತಿನ್ನಬೇಕಾಗುತ್ತದೆ.

ಇಂತಿ,
ನಿನ್ನ ಮಿಕ್ಸಿ ಗೆಳೆಯ